ಚಳಿಯಲ್ಲಿ ಓಡಿದರೆ ಎದೆ ಬಿಗಿಯುತ್ತದೆಯೇ? ಉಬ್ಬಸ ಇರುವವರ ಬೆಳಗಿನ ವ್ಯಾಯಾಮಕ್ಕೆ ಒಂದು ಮಾರ್ಗದರ್ಶಿ

ಡಿಸೆಂಬರ್, ಜನವರಿಯಲ್ಲಿ ಬೆಳಗಿನ ಐದೂವರೆಗೆ ಚಿತ್ರದುರ್ಗದ ಒನಕೆ ಓಬವ್ವ ಕ್ರೀಡಾಂಗಣಕ್ಕೋ ದಾವಣಗೆರೆಯ ಕುಂದವಾಡ ಕೆರೆ ಏರಿಗೋ ಹೋದರೆ ಎರಡು ಬಗೆಯ ಜನ ಸಿಗುತ್ತಾರೆ. ಮಫ್ಲರ್ ಸುತ್ತಿಕೊಂಡು, ಮಾತಾಡುತ್ತಾ ಸುತ್ತು ಹಾಕುವ ಹಿರಿಯರು ಒಂದು ಕಡೆ. ಪೊಲೀಸ್ ಕಾನ್‌ಸ್ಟೆಬಲ್ ಫಿಸಿಕಲ್‌ಗೆ ತಯಾರಾಗುವ ಹುಡುಗ ಹುಡುಗಿಯರು ಇನ್ನೊಂದು ಕಡೆ. ಹುಡುಗರು 1600 ಮೀಟರನ್ನು ಆರೂವರೆ ನಿಮಿಷದೊಳಗೆ ಮುಗಿಸಬೇಕು, ಹುಡುಗಿಯರು 400 ಮೀಟರನ್ನು ಎರಡು ನಿಮಿಷದೊಳಗೆ.

ಇವರಲ್ಲಿ ಕೆಲವರ ಕಷ್ಟ ಒಂದೇ ಥರ. ಓಡುವಾಗ ಹೇಗೋ ಓಡಿಬಿಡುತ್ತಾರೆ. ನಿಂತ ಮೇಲೆ ಶುರುವಾಗುತ್ತದೆ. ಒಣಕೆಮ್ಮು ಹತ್ತುತ್ತದೆ, ಎದೆ ಬಿಗಿಯುತ್ತದೆ, ಉಸಿರು ಬಿಡುವಾಗ ಸುಯ್ ಅಂತ ಸದ್ದು ಬರುತ್ತದೆ. ಗೆಳೆಯರು 'ಸ್ಟಾಮಿನಾ ಇಲ್ಲ ಕಣೋ ನಿಂಗೆ' ಅನ್ನುತ್ತಾರೆ. ಮನೆಯಲ್ಲಿ ಅಮ್ಮ 'ಚಳಿಗೆ ಹೋಗಬೇಡ ಅಂದ್ರೆ ಕೇಳಲ್ಲ' ಅನ್ನುತ್ತಾರೆ. ಒಂದು ವಾರ ನೋಡಿ, ಆಮೇಲೆ ಅಲಾರಂ ಇಡುವುದನ್ನೇ ಬಿಡುತ್ತಾರೆ.

ಬಿಡಬೇಕಾಗಿಲ್ಲ. ಲಂಡನ್ ಮ್ಯಾರಥಾನನ್ನು 2003ರಲ್ಲಿ 2 ಗಂಟೆ 15 ನಿಮಿಷ 25 ಸೆಕೆಂಡಿನಲ್ಲಿ ಓಡಿ ವಿಶ್ವದಾಖಲೆ ಬರೆದ ಪೌಲಾ ರ‍್ಯಾಡ್‌ಕ್ಲಿಫ್‌ಗೂ ವ್ಯಾಯಾಮದಿಂದ ಬರುವ ಇದೇ ಉಬ್ಬಸ ಇತ್ತು. ಆದರೆ ಕೆಲಸಗಳನ್ನು ಒಂದು ಕ್ರಮದಲ್ಲಿ ಮಾಡಬೇಕು. ನಮ್ಮ ಜನ ಆ ಕ್ರಮವನ್ನು ತಲೆಕೆಳಗು ಮಾಡುವುದೇ ಜಾಸ್ತಿ. ಮೊದಲು ಮಫ್ಲರ್, ಆಮೇಲೆ ಕಷಾಯ, ಆಮೇಲೆ ಯಾರೋ ಹೇಳಿದ ಇನ್ಹೇಲರ್, ಎಲ್ಲಾ ಆದ ಮೇಲೆ ಡಾಕ್ಟರ್.

ಎದೆಯೊಳಗೆ ಆಗುವುದೇನು

ಸುಮ್ಮನೆ ಕೂತಿದ್ದಾಗ ನಾವು ನಿಮಿಷಕ್ಕೆ ಆರೇಳು ಲೀಟರ್ ಗಾಳಿ ಎಳೆದುಕೊಳ್ಳುತ್ತೇವೆ. ಅಷ್ಟನ್ನು ಬೆಚ್ಚಗೆ ಮಾಡಿ, ತೇವ ಬೆರೆಸಿ ಒಳಗೆ ಕಳಿಸುವುದು ಮೂಗಿಗೆ ದೊಡ್ಡ ಕೆಲಸವಲ್ಲ. ಜೋರಾಗಿ ಓಡುವಾಗ ಅದೇ ಲೆಕ್ಕ ನಿಮಿಷಕ್ಕೆ 60 ಲೀಟರ್ ದಾಟುತ್ತದೆ, ಪಳಗಿದ ಓಟಗಾರರಲ್ಲಿ 100ನ್ನೂ ದಾಟುತ್ತದೆ. ಸುಮಾರು 35–40 ಲೀಟರ್ ಆಗುವ ಹೊತ್ತಿಗೇ ಬಾಯಿ ತಾನಾಗಿ ತೆರೆದುಕೊಳ್ಳುತ್ತದೆ. ಅಲ್ಲಿಂದ ಮುಂದೆ ಹೆಚ್ಚಿನ ಗಾಳಿ ಮೂಗಿನ ದಾರಿ ಬಿಟ್ಟು ನೇರ ಎದೆಗಿಳಿಯುತ್ತದೆ.

ಶ್ವಾಸಕೋಶದೊಳಗಿನ ಗಾಳಿ 37 ಡಿಗ್ರಿ ಬಿಸಿ ಇರುತ್ತದೆ, ಪೂರ್ತಿ ತೇವವಾಗಿರುತ್ತದೆ. ಅಂಥ ಗಾಳಿಯ ಒಂದು ಘನ ಮೀಟರ್‌ನಲ್ಲಿ ಸುಮಾರು 44 ಗ್ರಾಂ ನೀರಿನ ಆವಿ ಇರುತ್ತದೆ. 15 ಡಿಗ್ರಿಯ ಗಾಳಿ, ಮಂಜು ಕವಿದ ದಿನವೂ, ಹೊರಬಲ್ಲದ್ದು 13 ಗ್ರಾಂ ಆಸುಪಾಸು. ಉಳಿದ ತೇವವನ್ನು ಶ್ವಾಸನಾಳದ ಒಳಪದರವೇ ಕೊಡಬೇಕು. ಓಡುತ್ತಾ ಹೋದಂತೆ ಆ ಪದರ ಒಣಗುತ್ತದೆ. ಅದರ ಮೇಲಿನ ತೆಳು ದ್ರವದಲ್ಲಿ ಉಪ್ಪಿನಂಶ ಏರುತ್ತದೆ. ಅಲ್ಲಿರುವ ಮಾಸ್ಟ್ ಕೋಶಗಳು ಕೆರಳಿ ಹಿಸ್ಟಮಿನ್, ಲ್ಯುಕೋಟ್ರಯೀನ್ ಮುಂತಾದ ರಾಸಾಯನಿಕಗಳನ್ನು ಬಿಡುತ್ತವೆ. ನಾಳದ ಸುತ್ತಲಿನ ಸ್ನಾಯು ಬಿಗಿಯುತ್ತದೆ, ದಾರಿ ಕಿರಿದಾಗುತ್ತದೆ. ಓಟ ನಿಲ್ಲಿಸಿದಾಗ ತಣ್ಣಗಾದ ನಾಳಗಳು ಮತ್ತೆ ಬೆಚ್ಚಗಾಗುತ್ತವೆ, ಅಲ್ಲಿಗೆ ರಕ್ತ ನುಗ್ಗುತ್ತದೆ. ಇದೂ ಬಿಗಿತಕ್ಕೆ ಸೇರಿಕೊಳ್ಳುತ್ತದೆ.

ಅಂದರೆ ಬರೀ ಚಳಿಗಿಂತ ಗಾಳಿಯಲ್ಲಿ ತೇವ ಕಡಿಮೆ ಇರುವುದೇ ದೊಡ್ಡ ಕಾರಣ. ಏಪ್ರಿಲ್‌ನ ಒಣ ಬಿಸಿಲಲ್ಲಿ ಕ್ರಿಕೆಟ್ ಆಡಿದಾಗಲೂ ಕೆಲವು ಮಕ್ಕಳು ಕೆಮ್ಮುವುದು ಇದಕ್ಕೇ.

ಇನ್ನೊಂದು ಮಾತು. ಹಿಮ ಬೀಳುವ ದೇಶಗಳಲ್ಲಿ ಸ್ಕೀಯಿಂಗ್ ಮಾಡುವವರಿಗೆ ಸೊನ್ನೆಗಿಂತ ಕೆಳಗಿನ ಗಾಳಿಯಿಂದಲೇ ಈ ತೊಂದರೆ ಬರುತ್ತದೆ. ನಮ್ಮ ದುರ್ಗದ ಚಳಿ 15–16 ಡಿಗ್ರಿಯದು. ಇಷ್ಟಕ್ಕೇ ಎದೆ ಕಟ್ಟುತ್ತದೆ ಅಂದರೆ, ಚಳಿಯ ಜೊತೆ ಸಾಮಾನ್ಯವಾಗಿ ಇನ್ನೇನೋ ಸೇರಿರುತ್ತದೆ. ಹತೋಟಿಗೆ ಬಾರದ ಉಬ್ಬಸ, ಹೊಗೆ, ಧೂಳು, ವಾಸಿಯಾಗದ ನೆಗಡಿ ಹೀಗೆ. ಚಳಿಯನ್ನು ನಾವು ಬದಲಿಸಲಾಗದು. ಉಳಿದದ್ದರಲ್ಲಿ ಬಹುಪಾಲು ನಮ್ಮ ಕೈಯಲ್ಲೇ ಇದೆ.

ಮೊದಲ ಹೆಜ್ಜೆ: ಇದು ಉಬ್ಬಸವೇನಾ?

ಓಡಿದ ಮೇಲೆ ಏದುಸಿರು ಬಂದರೆ ಅದು ಉಬ್ಬಸವಲ್ಲ. ಎಲ್ಲರಿಗೂ ಬರುತ್ತದೆ, ಎರಡು ಮೂರು ನಿಮಿಷದಲ್ಲಿ ಇಳಿಯುತ್ತದೆ. ವ್ಯಾಯಾಮದ ಉಬ್ಬಸದ ಗುರುತು ಅದರ ಹೊತ್ತು. ಐದೆಂಟು ನಿಮಿಷ ಜೋರು ಓಟವಾದ ಮೇಲೆ ಅಥವಾ ನಿಂತ ಕೂಡಲೇ ಶುರುವಾಗುತ್ತದೆ. ನಿಂತ ಐದರಿಂದ ಹದಿನೈದು ನಿಮಿಷದಲ್ಲಿ ಅತಿ ಜಾಸ್ತಿ ಇರುತ್ತದೆ. ಅರ್ಧ ಗಂಟೆಯಿಂದ ಒಂದೂವರೆ ಗಂಟೆಯೊಳಗೆ ತಾನಾಗಿ ಇಳಿಯುತ್ತದೆ. ಕೆಲವರಿಗೆ ಸುಯ್ ಸದ್ದೇ ಇರುವುದಿಲ್ಲ, ಬರೀ ಕೆಮ್ಮು. ಮಕ್ಕಳಲ್ಲಂತೂ ಇದು ತುಂಬಾ ಸಾಮಾನ್ಯ. 'ಶೀತ ಆಗಿದೆ' ಅಂತ ವರ್ಷಗಟ್ಟಲೆ ಸಿರಪ್ ಕುಡಿಸುತ್ತಾರೆ.

ಡಾಕ್ಟರ್ ಹತ್ತಿರ ಹೋಗುವ ಮೊದಲು ಎರಡು ವಾರ ಒಂದು ಸಣ್ಣ ಲೆಕ್ಕ ಇಡಿ. ಎಷ್ಟು ಹೊತ್ತಿಗೆ, ಎಲ್ಲಿ ಓಡಿದಿರಿ, ನಿಂತ ಎಷ್ಟು ನಿಮಿಷಕ್ಕೆ ಶುರುವಾಯಿತು, ಎಷ್ಟು ಹೊತ್ತಿಗೆ ಇಳಿಯಿತು, ಸುತ್ತ ಹೊಗೆ ಇತ್ತಾ, ನೆಗಡಿ ಇತ್ತಾ. ಮೊಬೈಲ್‌ನಲ್ಲೇ ಬರೆದುಕೊಂಡರಾಯಿತು. ಈ ಅರ್ಧ ಪುಟ ಡಾಕ್ಟರಿಗೆ ಹತ್ತು ಪ್ರಶ್ನೆ ಉಳಿಸುತ್ತದೆ.

ಸಾಧ್ಯವಾದರೆ ಮೆಡಿಕಲ್ ಶಾಪ್‌ನಲ್ಲಿ ಸಿಗುವ ಪೀಕ್ ಫ್ಲೋ ಮೀಟರ್ ತಗೊಳ್ಳಿ. ಪ್ಲಾಸ್ಟಿಕ್ ಕೊಳವೆ, ಪಕ್ಕದಲ್ಲಿ ಅಂಕಿ. ಎದ್ದು ನಿಂತು, ಎದೆ ತುಂಬಾ ಉಸಿರು ಎಳೆದು, ಒಂದೇ ಸಲ ಜೋರಾಗಿ ಊದಬೇಕು. ಮೂರು ಸಲ ಊದಿ ದೊಡ್ಡ ಅಂಕಿಯನ್ನು ಬರೆದುಕೊಳ್ಳಿ. ಓಡುವ ಮೊದಲು ಒಮ್ಮೆ, ನಿಂತ 5, 10, 15 ನಿಮಿಷಕ್ಕೆ ಒಮ್ಮೊಮ್ಮೆ. ಮೊದಲು 450 ಇದ್ದದ್ದು ಆಮೇಲೆ 380ಕ್ಕೆ ಇಳಿದರೆ ಶೇ 15ಕ್ಕಿಂತ ಜಾಸ್ತಿ ಇಳಿದಂತೆ. ಅದು ಅನುಮಾನಕ್ಕೆ ಸಾಕಷ್ಟು ಗಟ್ಟಿ ಆಧಾರ.

ಖಚಿತವಾಗಲು ಬೇಕಾದದ್ದು ಸ್ಪೈರೋಮೆಟ್ರಿ, ಅಂದರೆ ಯಂತ್ರಕ್ಕೆ ಊದುವ ಪರೀಕ್ಷೆ. ಮೊದಲ ಒಂದು ಸೆಕೆಂಡಿನಲ್ಲಿ ಎಷ್ಟು ಗಾಳಿ ಹೊರಬಂತು ಅಂತ ಅದು ಅಳೆಯುತ್ತದೆ. ಟ್ರೆಡ್‌ಮಿಲ್ ಮೇಲೆ ಓಡಿಸಿ ಮತ್ತೆ ಊದಿಸಿದಾಗ ಈ ಅಂಕಿ ಶೇ 10 ಅಥವಾ ಅದಕ್ಕಿಂತ ಜಾಸ್ತಿ ಇಳಿದರೆ ವ್ಯಾಯಾಮದಿಂದ ನಾಳ ಬಿಗಿಯುತ್ತಿದೆ ಅಂತ ಲೆಕ್ಕ. ದಾವಣಗೆರೆ, ಚಿತ್ರದುರ್ಗ ಎರಡರಲ್ಲೂ ಮೆಡಿಕಲ್ ಕಾಲೇಜು ಆಸ್ಪತ್ರೆಗಳಿವೆ. ಅಲ್ಲಿ ಎದೆರೋಗ ವಿಭಾಗ ಎಲ್ಲಿದೆ ಅಂತ ಕೇಳಿ ಹೋಗಿ. ಪರೀಕ್ಷೆಗೆ ಮೊದಲು ಇನ್ಹೇಲರ್, ಕಾಫಿ ಎಷ್ಟು ಹೊತ್ತು ಬಿಡಬೇಕು ಅನ್ನುವುದನ್ನು ಮುಂಚೆಯೇ ಕೇಳಿಕೊಳ್ಳಿ.

ಇಷ್ಟೆಲ್ಲಾ ಯಾಕೆ ಅಂದರೆ, ಉಬ್ಬಸದ ವೇಷ ಹಾಕುವ ಬೇರೆ ತೊಂದರೆಗಳಿವೆ. ರಕ್ತ ಕಡಿಮೆ ಇದ್ದರೆ ಮೆಟ್ಟಿಲು ಹತ್ತಿದರೂ ಏದುಸಿರು ಬರುತ್ತದೆ, ನಮ್ಮ ಹೆಣ್ಣುಮಕ್ಕಳಲ್ಲಿ ಇದು ಜಾಸ್ತಿ. ಗಂಟಲಿನ ಧ್ವನಿಪಟ್ಟಿಗಳು ಅಡ್ಡ ಬಂದರೆ ಓಟದ ನಡುವೆಯೇ, ಉಸಿರು ಎಳೆಯುವಾಗ, ಗಂಟಲಲ್ಲಿ ಸದ್ದು ಬರುತ್ತದೆ, ನಿಂತ ಕೂಡಲೇ ಹೋಗುತ್ತದೆ. ಇನ್ಹೇಲರ್‌ಗೆ ಅದು ಬಗ್ಗುವುದಿಲ್ಲ. ಎರಡು ವಾರಕ್ಕಿಂತ ಜಾಸ್ತಿ ಕೆಮ್ಮು ಇದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಉಚಿತ, ಮಾಡಿಸಿಬಿಡಿ. ನಲವತ್ತು ದಾಟಿದವರಿಗೆ ನಡೆಯುವಾಗ ಎದೆ ಬಿಗಿದು, ನಿಂತರೆ ಕಡಿಮೆಯಾಗುತ್ತದೆ ಅಂದರೆ ಅದು ಹೃದಯದ್ದಿರಬಹುದು. ಆಗ ಇನ್ಹೇಲರ್ ಮಾತು ಬಿಟ್ಟು ಅವತ್ತೇ ಇಸಿಜಿ ಮಾಡಿಸಿ.

ಎರಡನೇ ಹೆಜ್ಜೆ: ಬುಡ ಸರಿಮಾಡಿ

ಕಳೆದ ನಾಲ್ಕು ವಾರ ನೆನಪಿಸಿಕೊಳ್ಳಿ. ಹಗಲು ಹೊತ್ತು ವಾರಕ್ಕೆ ಎರಡು ಸಲಕ್ಕಿಂತ ಜಾಸ್ತಿ ಉಬ್ಬಸ ಬಂತೇ? ರಾತ್ರಿ ಕೆಮ್ಮಿಗೆ ಎದ್ದು ಕೂತಿರೇ? ತಕ್ಷಣದ ಇನ್ಹೇಲರನ್ನು ವಾರಕ್ಕೆ ಎರಡು ಸಲಕ್ಕಿಂತ ಜಾಸ್ತಿ ಬಳಸಿದಿರೇ? ಉಸಿರಿನ ಕಾರಣಕ್ಕೆ ಯಾವುದಾದರೂ ಕೆಲಸ ಬಿಟ್ಟಿರೇ? ಒಂದಕ್ಕಾದರೂ ಹೌದು ಅಂದರೆ ನಿಮ್ಮ ಉಬ್ಬಸ ಪೂರ್ತಿ ಹತೋಟಿಯಲ್ಲಿಲ್ಲ. ಅಂಥ ಎದೆಗೆ ಬೆಳಗಿನ ಓಟ ಕಷ್ಟ ಕೊಟ್ಟೇ ಕೊಡುತ್ತದೆ. ಓಟದಲ್ಲಿ ಕಂಡ ಬಿಗಿತವನ್ನು ಓಟದ ತೊಂದರೆ ಅಂದುಕೊಳ್ಳಬೇಡಿ. ಇಡೀ ದಿನ ಶ್ವಾಸನಾಳದ ಒಳಗೇ ಇರುವ ಊತ ಓಡುವಾಗ ಬಯಲಿಗೆ ಬರುತ್ತದೆ, ಅಷ್ಟೇ.

ಇಲ್ಲಿ ಎರಡು ಬಗೆಯ ಔಷಧಿಯ ವ್ಯತ್ಯಾಸ ತಿಳಿಯಬೇಕು. ಸಾಲ್ಬುಟಮಾಲ್ ಬಿಗಿದ ಸ್ನಾಯುವನ್ನು ಕೆಲವೇ ನಿಮಿಷದಲ್ಲಿ ಸಡಿಲಿಸುತ್ತದೆ. ಅಸ್ತಾಲಿನ್ ಅಂತ ಎಲ್ಲರೂ ಕರೆಯುವುದು ಇದನ್ನೇ. ಆದರೆ ಊತಕ್ಕೆ ಅದು ಏನೂ ಮಾಡುವುದಿಲ್ಲ. ಬುಡೆಸೊನೈಡ್‌ನಂಥ ಸ್ಟೀರಾಯ್ಡ್ ಇನ್ಹೇಲರ್ ಊತ ಇಳಿಸುತ್ತದೆ. ಇದು ನಿಧಾನ, ಪೂರ್ತಿ ಗುಣ ಕಾಣಲು ಕೆಲವು ವಾರ ಬೇಕು. ಹಾಗಾಗಿ ಫಿಸಿಕಲ್ ದಿನಾಂಕ ಬಂದ ಮೇಲೆ ಆಸ್ಪತ್ರೆಗೆ ಓಡಿದರೆ ತಡವಾಗುತ್ತದೆ. ಅರ್ಜಿ ಹಾಕಿದ ದಿನವೇ ಹೋಗಿ.

ಉಬ್ಬಸಕ್ಕೆ ಸಾಲ್ಬುಟಮಾಲ್ ಒಂದನ್ನೇ ನೆಚ್ಚಿಕೊಳ್ಳಬಾರದು ಅಂತ ಜಾಗತಿಕ ಉಬ್ಬಸ ಮಾರ್ಗಸೂಚಿ ಗೀನಾ 2019ರಿಂದ ಹೇಳುತ್ತಿದೆ. ದಿನಾ ಅದನ್ನೇ ಎಳೆಯುತ್ತಾ ಹೋದರೆ ಅದು ಕೊಡುವ ರಕ್ಷಣೆಯೂ ಕುಗ್ಗುತ್ತದೆ. ಈಗ ಅನೇಕ ಡಾಕ್ಟರುಗಳು ಬುಡೆಸೊನೈಡ್ ಮತ್ತು ಫಾರ್ಮೊಟೆರಾಲ್ ಒಟ್ಟಿಗಿರುವ ಇನ್ಹೇಲರ್ ಬರೆಯುತ್ತಾರೆ. ಫಾರ್ಮೊಟೆರಾಲ್ ಕೂಡ ಬೇಗ ಕೆಲಸ ಮಾಡುವುದರಿಂದ ಒಂದೇ ಡಬ್ಬಿ ತಕ್ಷಣದ ಆರಾಮಕ್ಕೂ ಆಗುತ್ತದೆ, ಊತಕ್ಕೂ ಆಗುತ್ತದೆ. ಯಾವುದು, ಎಷ್ಟು ಅನ್ನುವುದು ನಿಮ್ಮ ಡಾಕ್ಟರ್ ಜೊತೆ ಕೂತು ತೀರ್ಮಾನಿಸುವ ವಿಷಯ. ದುಡ್ಡಿನ ಚಿಂತೆ ಇದ್ದರೆ ಜನೌಷಧಿ ಕೇಂದ್ರದಲ್ಲಿ ಕೇಳಿ ನೋಡಿ.

'ಇನ್ಹೇಲರ್ ಹಿಡಿದರೆ ಬಿಡಕ್ಕಾಗಲ್ಲ, ಚಟ ಆಗುತ್ತೆ' ಅನ್ನುವ ಮಾತು ನಮ್ಮಲ್ಲಿ ಬೇರು ಬಿಟ್ಟಿದೆ. ಇದರಿಂದ ಆದ ಹಾನಿ ಚಳಿಯಿಂದ ಆದದ್ದಕ್ಕಿಂತ ದೊಡ್ಡದು ಅನ್ನುವುದು ನನ್ನ ಅಭಿಪ್ರಾಯ. ಅದು ಚಟವಲ್ಲ. ಮಾತ್ರೆ ಹೊಟ್ಟೆಗೆ ಹೋಗಿ, ರಕ್ತ ಸೇರಿ, ಮೈಯೆಲ್ಲಾ ಸುತ್ತಿ ಎದೆಗೆ ಬರುತ್ತದೆ. ಇನ್ಹೇಲರ್ ನೇರ ಎದೆಗೇ ಹೋಗುತ್ತದೆ. ಅದಕ್ಕೇ ಸ್ಟೀರಾಯ್ಡ್ ಮಾತ್ರೆಯ ಲೆಕ್ಕ ಮಿಲಿಗ್ರಾಂನಲ್ಲಿ, ಇನ್ಹೇಲರ್ ಲೆಕ್ಕ ಮೈಕ್ರೋಗ್ರಾಂನಲ್ಲಿ. ಒಂದು ಮಿಲಿಗ್ರಾಂ ಅಂದರೆ 1000 ಮೈಕ್ರೋಗ್ರಾಂ. ತಮಾಷೆ ಅಂದರೆ, ಇನ್ಹೇಲರ್‌ಗೆ ಹೆದರುವವರೇ ಹೆಸರಿಲ್ಲದ ಪುಡಿಯ ಪೊಟ್ಟಣ ನುಂಗುತ್ತಾರೆ. ಅಂಥ ಪುಡಿಯಲ್ಲಿ ಸ್ಟೀರಾಯ್ಡ್ ಬೆರೆಸಿದ್ದರೂ ಗೊತ್ತಾಗುವುದಿಲ್ಲ. ಮೃಗಶಿರ ಮಳೆ ಕೂಡುವ ದಿನ ಹೈದರಾಬಾದಿಗೆ ಹೋಗಿ ಮೀನಿನ ಮದ್ದು ನುಂಗಿ ಬರುವವರೂ ನಮ್ಮ ಕಡೆ ಇದ್ದಾರೆ. ಅದು ಉಬ್ಬಸ ವಾಸಿ ಮಾಡುತ್ತದೆ ಅನ್ನುವುದಕ್ಕೆ ವೈದ್ಯಕೀಯ ಆಧಾರ ಇಲ್ಲ. ಹೋಗುವುದು ನಿಮಗೆ ಬಿಟ್ಟದ್ದು, ಆದರೆ ಅದನ್ನು ನಂಬಿ ಇನ್ಹೇಲರ್ ಮಾತ್ರ ನಿಲ್ಲಿಸಬೇಡಿ.

ಮಾಂಟೆಲುಕಾಸ್ಟ್ ಮಾತ್ರೆಯೂ ಕೆಲವರಿಗೆ ಉಪಯೋಗಕ್ಕೆ ಬರುತ್ತದೆ. ಕೆಟ್ಟ ಕನಸು, ಸಿಡುಕು, ಮನಸ್ಸು ಕುಗ್ಗುವುದು ಕಂಡರೆ ಡಾಕ್ಟರಿಗೆ ತಕ್ಷಣ ಹೇಳಿ. ಇನ್ನು, ತಲೆನೋವಿಗೋ ಎದೆಬಡಿತಕ್ಕೋ ಪ್ರೊಪ್ರನೊಲಾಲ್ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಮರೆಯದೆ ಹೇಳಿ. ಅದು ಉಬ್ಬಸವನ್ನು ಕೆರಳಿಸುವ ಮಾತ್ರೆ.

ಮೂರನೇ ಹೆಜ್ಜೆ: ಇನ್ಹೇಲರ್ ಎಳೆಯುವುದನ್ನು ಕಲಿಯಿರಿ

ಒತ್ತಿ ಎಳೆಯುವ ಇನ್ಹೇಲರ್ ಆದರೆ ಮೊದಲು ಚೆನ್ನಾಗಿ ಅಲ್ಲಾಡಿಸಿ. ಉಸಿರನ್ನು ಪೂರ್ತಿ ಹೊರಗೆ ಬಿಡಿ. ತುಟಿ ಬಿಗಿಯಾಗಿ ಮುಚ್ಚಿ, ಉಸಿರು ಎಳೆಯಲು ಶುರು ಮಾಡಿದ ಕ್ಷಣಕ್ಕೇ ಒತ್ತಿ, ನಿಧಾನವಾಗಿ ಎಳೆಯುತ್ತಾ ಹೋಗಿ. ಹತ್ತು ಎಣಿಸುವವರೆಗೆ ಹಿಡಿದುಕೊಳ್ಳಿ. ಎರಡನೇ ಪಫ್‌ಗೆ ಅರ್ಧದಿಂದ ಒಂದು ನಿಮಿಷ ಬಿಡುವು ಕೊಡಿ. ಒತ್ತುವುದು, ಎಳೆಯುವುದು ಒಟ್ಟಿಗೆ ಕೂಡಿ ಬರದಿದ್ದರೆ ಔಷಧಿ ಗಂಟಲಲ್ಲೇ ಉಳಿಯುತ್ತದೆ. ಇನ್ಹೇಲರ್ ಬಾಯಿಗೆ ಸಿಕ್ಕಿಸಿ, ಅದರ ಮೂಲಕ ಉಸಿರು ಎಳೆಯುವ ಸ್ಪೇಸರ್ ಡಬ್ಬಿ ಇರುವುದು ಇದಕ್ಕೇ. ಮಕ್ಕಳಿಗೆ, ವಯಸ್ಸಾದವರಿಗೆ ಮಾತ್ರವಲ್ಲ, ಎಲ್ಲರಿಗೂ ಅದು ಒಳ್ಳೆಯದು.

ಕ್ಯಾಪ್ಸೂಲ್ ಹಾಕಿ ತಿರುಗಿಸಿ ಎಳೆಯುವ ಪುಡಿಯ ಇನ್ಹೇಲರ್‌ನ ರೀತಿ ಇದಕ್ಕೆ ಉಲ್ಟಾ. ಅದನ್ನು ಜೋರಾಗಿ, ಒಂದೇ ಎಳೆತಕ್ಕೆ ಎಳೆಯಬೇಕು. ಒಳಗೆ ಊದಬಾರದು, ಪುಡಿ ಒದ್ದೆಯಾಗುತ್ತದೆ. ಒಂದರ ರೀತಿಯಲ್ಲಿ ಇನ್ನೊಂದನ್ನು ಎಳೆದು 'ಇದು ಕೆಲಸ ಮಾಡಲ್ಲ' ಅನ್ನುವವರು ಬಹಳ. ಮುಂದಿನ ಸಲ ಹೋದಾಗ ಡಾಕ್ಟರ್ ಅಥವಾ ನರ್ಸ್ ಮುಂದೆಯೇ ಎಳೆದು ತೋರಿಸಿ. ಸ್ಟೀರಾಯ್ಡ್ ಇರುವ ಇನ್ಹೇಲರ್ ಆದ ಮೇಲೆ ಬಾಯಿ ಮುಕ್ಕಳಿಸಿ ಉಗುಳಿ, ಇಲ್ಲದಿದ್ದರೆ ಬಾಯಲ್ಲಿ ಬಿಳಿ ಅಗ್ಗು ಬರಬಹುದು.

ಓಟಕ್ಕೆ ಮೊದಲಿನ ಪಫ್ ಬಗ್ಗೆ ಹೇಳುವುದಾದರೆ, ದೊಡ್ಡವರಿಗೆ ಸಾಮಾನ್ಯವಾಗಿ 100 ಮೈಕ್ರೋಗ್ರಾಂನ ಸಾಲ್ಬುಟಮಾಲ್ ಎರಡು ಪಫ್, ಓಡುವ 15 ನಿಮಿಷ ಮೊದಲು. ಎರಡು ಮೂರು ಗಂಟೆ ರಕ್ಷಣೆ ಸಿಗುತ್ತದೆ. ಬುಡೆಸೊನೈಡ್–ಫಾರ್ಮೊಟೆರಾಲ್ ಬರೆದಿದ್ದರೆ ಅದನ್ನೇ ಓಟದ ಮೊದಲೂ ಬಳಸಲು ಹೇಳಿರಬಹುದು. ಗೆಳೆಯನ ಇನ್ಹೇಲರ್ ಇಸಕೊಂಡು ಎಳೆಯುವುದು ಬೇಡ. ಕೈ ಸ್ವಲ್ಪ ನಡುಗುವುದು, ಎದೆ ಡವಡವ ಅನ್ನುವುದು ಸಾಲ್ಬುಟಮಾಲ್‌ನಿಂದ ಆಗಬಹುದು, ಬೇಗ ಇಳಿಯುತ್ತದೆ. ಸ್ಟ್ರಾಂಗ್ ಕಾಫಿ ಕುಡಿದರೆ ಎದೆ ಸಡಿಲವಾಗುತ್ತದೆ ಅನ್ನುವುದರಲ್ಲಿ ಸ್ವಲ್ಪ ನಿಜ ಇದೆ. ಕೆಫೀನ್ ಶ್ವಾಸನಾಳವನ್ನು ತುಸು ಹಿಗ್ಗಿಸುತ್ತದೆ. ಆದರೆ ಅದು ಇನ್ಹೇಲರ್‌ಗೆ ಬದಲಿಯಲ್ಲ.

ಡಬ್ಬಿಯನ್ನು ಬೈಕ್ ಡಿಕ್ಕಿಯಲ್ಲಿ ಬಿಡಬೇಡಿ. ಚಳಿಗೆ ತಣ್ಣಗಾದರೆ ಸ್ಪ್ರೇ ಸರಿಯಾಗಿ ಬರುವುದಿಲ್ಲ, ಬೇಸಿಗೆಯಲ್ಲಿ ಡಿಕ್ಕಿಯ ಕಾವೂ ಅದಕ್ಕೆ ಆಗುವುದಿಲ್ಲ. ಪ್ಯಾಂಟಿನ ಜೇಬಿನಲ್ಲಿ, ಮೈ ಬಿಸಿಗೆ ಹತ್ತಿರ ಇರಲಿ.

ನಾಲ್ಕನೇ ಹೆಜ್ಜೆ: ಹೊತ್ತು, ಜಾಗ, ಗಾಳಿ

'ಬೆಳಗಿನ ಜಾವದ ಗಾಳಿ ಶುದ್ಧ' ಅಂತ ಚಿಕ್ಕಂದಿನಿಂದ ಕೇಳಿದ್ದೇವೆ. ಚಳಿಗಾಲದ ಊರುಗಳಲ್ಲಿ ಇದು ಹೆಚ್ಚಾಗಿ ಸುಳ್ಳು. ರಾತ್ರಿ ನೆಲ ತಣ್ಣಗಾದಾಗ ಅದಕ್ಕೆ ಅಂಟಿದ ಗಾಳಿಯೂ ತಣ್ಣಗಾಗಿ ಕೆಳಗೇ ಕೂರುತ್ತದೆ. ಮೇಲೆ ಬೆಚ್ಚನೆಯ ಗಾಳಿ ಮುಚ್ಚಳ ಹಾಕಿದಂತೆ ನಿಲ್ಲುತ್ತದೆ. ನಡುವೆ ಸಿಕ್ಕ ಹೊಗೆ, ಧೂಳು ಎಲ್ಲೂ ಹೋಗುವುದಿಲ್ಲ. ಆ ಹೊತ್ತಿಗೇ ಹಂಡೆ ಒಲೆಗೆ ಉರಿ ಹಾಕುತ್ತಾರೆ. ಗುಡಿಸಿದ ಎಲೆ, ಕಸಕ್ಕೆ ಬೆಂಕಿ ಇಡುತ್ತಾರೆ. ಬೀದಿ ಮೂಲೆಯಲ್ಲಿ ಟೈರು ಸುಟ್ಟು ಬೆಂಕಿ ಕಾಯಿಸುತ್ತಾರೆ. ದಾವಣಗೆರೆಯಲ್ಲಾದರೆ ಮಂಡಕ್ಕಿ ಭಟ್ಟಿಗಳ ಹೊಗೆ, ಅಕ್ಕಿ ಗಿರಣಿಯ ತೌಡಿನ ಧೂಳು. ಎರಡೂ ಊರಿಗೆ ರಾಷ್ಟ್ರೀಯ ಹೆದ್ದಾರಿ 48ರ ಲಾರಿಗಳು. 2019ರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ಕರ್ನಾಟಕದಿಂದ ಬೆಂಗಳೂರು, ಹುಬ್ಬಳ್ಳಿ–ಧಾರವಾಡ, ಕಲಬುರಗಿ ಜೊತೆ ದಾವಣಗೆರೆಯ ಹೆಸರೂ ಇದೆ. ಸುಮ್ನೆ ಸೇರಿಸಿಲ್ಲ ಅಲ್ವಾ?

ಬಿಸಿಲು ಬಿದ್ದು ನೆಲ ಕಾದ ಮೇಲೆ ಆ ಮುಚ್ಚಳ ಒಡೆಯುತ್ತದೆ, ಹೊಗೆ ಮೇಲೇಳುತ್ತದೆ. ಅದಕ್ಕೆ ಡಿಸೆಂಬರ್, ಜನವರಿಯಲ್ಲಿ ಐದೂವರೆಯ ಓಟವನ್ನು ಎಂಟಕ್ಕೆ ತಳ್ಳಿ. ಕೆಲಸಕ್ಕೆ ಹೊರಡುವವರಿಗೆ ಸಂಜೆ ನಾಲ್ಕೂವರೆ, ಐದು ಗಂಟೆ ಒಳ್ಳೆಯದು. ಕತ್ತಲಾದ ಮೇಲೆ ಒಲೆ, ಟ್ರಾಫಿಕ್ ಎರಡೂ ಏರುತ್ತವೆ. ಗಾಳಿ ಹೇಗಿದೆ ಅಂತ ನೋಡಲು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮೀರ್ ಆ್ಯಪ್ ಇದೆ. ಸೂಚ್ಯಂಕ 100 ದಾಟಿದರೆ ಉಬ್ಬಸ ಇರುವವರು ಓಟವನ್ನು ಹಗುರ ಮಾಡಿ, 200 ದಾಟಿದರೆ ಮನೆಯೊಳಗೇ ಏನಾದರೂ ಮಾಡಿ.

ಜಾಗದ ವಿಷಯಕ್ಕೆ ಬಂದರೆ, ಹೆದ್ದಾರಿ ಸರ್ವಿಸ್ ರಸ್ತೆ ಓಟಕ್ಕೆ ಅತಿ ಕೆಟ್ಟ ಆಯ್ಕೆ. ಅಲ್ಲಿ ನಸುಕಿನಲ್ಲಿ ಓಡುವವರನ್ನು ಕಂಡಾಗೆಲ್ಲ ಎರಡು ಕಾರಣಕ್ಕೆ ಭಯವಾಗುತ್ತದೆ. ಮೆಕ್ಕೆಜೋಳದ ಕೊಯ್ಲು ಮುಗಿದ ತಿಂಗಳುಗಳಲ್ಲಿ ಹಳ್ಳಿ ರಸ್ತೆ ಮೇಲೇ ಒಕ್ಕಣೆ, ಒಣಗಿಸುವುದು ನಡೆಯುತ್ತದೆ. ಆ ರವದಿ ಧೂಳು ಉಬ್ಬಸದವರಿಗೆ ಆಗುವುದಿಲ್ಲ. ಆಗ ಶಾಲೆಯ ಮೈದಾನವೇ ವಾಸಿ. ಮಳೆಗಾಲ ಮುಗಿಯುವ ಹೊತ್ತಿಗೆ ಖಾಲಿ ಸೈಟುಗಳಲ್ಲಿ ಕಾಂಗ್ರೆಸ್ ಗಿಡ ಬಿಳಿ ಹೂ ತುಂಬಿ ನಿಂತಿರುತ್ತದೆ. ಅದರ ಪರಾಗ ಆಗದವರು ಆ ದಾರಿಯನ್ನೇ ಬಿಡಿ. ಚಿತ್ರದುರ್ಗದವರಿಗೆ ಜೋಗಿಮಟ್ಟಿ ರಸ್ತೆ ಕಂಡರೆ ಆಸೆ. ಏರು ದಾರಿ, ಎದುರಿಗೆ ತಣ್ಣನೆ ಗಾಳಿ, ಎರಡೂ ಒಟ್ಟಿಗೆ. ಎದೆ ಪಳಗಿದ ಮೇಲೆ ಹೋಗಿ. ಕೋಟೆಯ ಮೆಟ್ಟಿಲು ಓಡುತ್ತಾ ಹತ್ತುವುದೂ ಹಾಗೇ. ಗಾಳಿ ಬೀಸುವ ದಿನ ಮೊದಲ ಅರ್ಧ ಗಾಳಿಗೆ ಎದುರಾಗಿ ನಿಧಾನ ಹೋಗಿ, ವಾಪಸ್ ಬರುವಾಗ ಗಾಳಿ ಬೆನ್ನಿಗಿರಲಿ. ಬೆವತ ಮೈಗೆ, ಸುಸ್ತಾದ ಎದೆಗೆ ಎದುರುಗಾಳಿ ಕೊಡಬೇಡಿ.

ನೆಗಡಿ, ಜ್ವರ ಇರುವ ವಾರ ಜೋರು ಓಟ ಬೇಡ. ಇದರಲ್ಲಿ ಚರ್ಚೆಯೇ ಇಲ್ಲ.

ಐದನೇ ಹೆಜ್ಜೆ: ಮೈ ಬೆಚ್ಚಗಾಗಿಸುವುದು

ಇಡೀ ಲೇಖನದಲ್ಲಿ ಖರ್ಚಿಲ್ಲದ ಔಷಧಿ ಇದೊಂದೇ. ಆದರೂ ಬೇಗ ಮುಗಿಸುವ ಆತುರದಲ್ಲಿ ಎಲ್ಲರೂ ಬಿಡುವುದೂ ಇದನ್ನೇ.

ಸರಿಯಾಗಿ ವಾರ್ಮ್‌ಅಪ್ ಮಾಡಿದರೆ ಉಬ್ಬಸ ಇರುವವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಒಂದು ಬಿಡುವಿನ ಹೊತ್ತು ಸಿಗುತ್ತದೆ. ಎರಡು ಗಂಟೆಯವರೆಗೂ ಆಮೇಲಿನ ಓಟಕ್ಕೆ ನಾಳ ಅಷ್ಟಾಗಿ ಬಿಗಿಯುವುದಿಲ್ಲ. ಒಂದೇ ವೇಗದ ಜಾಗಿಂಗ್‌ಗಿಂತ ಏರಿಳಿತದ ವಾರ್ಮ್‌ಅಪ್ ಹೆಚ್ಚು ಕೆಲಸ ಮಾಡುತ್ತದೆ. ಹೀಗೆ ಮಾಡಿ. ಐದು ನಿಮಿಷ ಬಿರುಸು ನಡಿಗೆ. ಐದು ನಿಮಿಷ ಮಾತಾಡಲು ಆಗುವಷ್ಟು ನಿಧಾನ ಓಟ. ಆಮೇಲೆ 30 ಸೆಕೆಂಡ್ ಜೋರಾಗಿ ಓಡಿ, ಒಂದು ನಿಮಿಷ ನಡೆಯಿರಿ. ಹೀಗೆ ಆರೇಳು ಸಲ. ಐದು ನಿಮಿಷ ಸುಮ್ಮನೆ ಓಡಾಡಿ, ಕೈಕಾಲು ಆಡಿಸಿ. ಈಗ 1600 ಮೀಟರ್‌ಗೆ ನಿಲ್ಲಿ. ಸಾಲ್ಬುಟಮಾಲ್ ತೆಗೆದುಕೊಳ್ಳುವವರು ವಾರ್ಮ್‌ಅಪ್ ಶುರು ಮಾಡುವ ಮೊದಲೇ ಎಳೆದುಕೊಂಡರೆ ಎರಡೂ ಒಟ್ಟಿಗೆ ಕೂಡಿ ಬರುತ್ತವೆ.

ವಾರ್ಮ್‌ಅಪ್‌ನಲ್ಲೇ ಸುಸ್ತಾಗುತ್ತದೆ ಅನ್ನುವವರು ಇನ್ನೂ ಓಟದ ಟೈಮಿಂಗ್ ನೋಡುವ ಹಂತಕ್ಕೆ ಬಂದಿಲ್ಲ. ಮೊದಲ ಕೆಲವು ವಾರ ನಡಿಗೆ, ನಿಧಾನ ಓಟ ಸಾಕು. ಮೈ ಪಳಗಿದಂತೆ ಅದೇ ವೇಗಕ್ಕೆ ಬೇಕಾಗುವ ಗಾಳಿ ಕಡಿಮೆಯಾಗುತ್ತದೆ. ಗಾಳಿ ಕಡಿಮೆ ಎಳೆದರೆ ಒಣಗುವುದೂ ಕಡಿಮೆ.

ಓಟ ಮುಗಿದ ಕೂಡಲೇ ಧೊಪ್ ಅಂತ ಕೂರುವುದು ಬೇಡ. ಹತ್ತು ನಿಮಿಷ ನಿಧಾನಕ್ಕೆ ನಡೆಯಿರಿ. ಸ್ವೆಟರ್ ಹಾಕಿಕೊಳ್ಳಿ.

ಮಫ್ಲರ್ ಮಾತು

ಮೂಗು, ಬಾಯಿ ಎರಡನ್ನೂ ಸಡಿಲವಾಗಿ ಮುಚ್ಚುವಂತೆ ಮಫ್ಲರ್ ಕಟ್ಟಿದರೆ ಬಿಡುವ ಉಸಿರಿನ ಬಿಸಿ, ತೇವ ಬಟ್ಟೆಯಲ್ಲಿ ಉಳಿದು, ಎಳೆಯುವ ಗಾಳಿಗೆ ಸೇರುತ್ತದೆ. ನಿಜವಾಗಿ ಉಪಯೋಗ ಇದೆ. ಆದರೆ ನಮ್ಮ ಹಿರಿಯರು ಕಟ್ಟುವುದು ಕಿವಿಗೆ, ತಲೆಗೆ! ಕಿವಿ ಬೆಚ್ಚಗಿದ್ದರೆ ಎದೆಗೆ ಲಾಭವಿಲ್ಲ. ನಡಿಗೆ, ವಾರ್ಮ್‌ಅಪ್‌ವರೆಗೆ ಬಟ್ಟೆ ಇರಲಿ, ಜೋರು ಓಟದಲ್ಲಿ ಉಸಿರು ಕಟ್ಟುವಂತೆ ಅನಿಸಿದರೆ ಕೆಳಗೆ ಎಳೆದುಕೊಳ್ಳಿ. ಪೂರ್ತಿ ಒದ್ದೆಯಾದರೆ ಬದಲಿಸಿ. ಬಟ್ಟೆ ಹೊಗೆಯನ್ನು ತಡೆಯುವುದಿಲ್ಲ ಅನ್ನುವುದೂ ನೆನಪಿರಲಿ.

ನಡಿಗೆಯವರು ಮೂಗಿನಲ್ಲೇ ಉಸಿರಾಡುವ ಅಭ್ಯಾಸ ಮಾಡಿ. ಮೂಗು ಸದಾ ಕಟ್ಟಿಕೊಂಡಿದ್ದರೆ ಅದಕ್ಕೂ ಚಿಕಿತ್ಸೆ ಬೇಕು. ಪ್ರಾಣಾಯಾಮ ಒಳ್ಳೆಯದು, ಉಸಿರನ್ನು ಹದಕ್ಕೆ ತರುತ್ತದೆ. ಔಷಧಿಯ ಜಾಗಕ್ಕೆ ಮಾತ್ರ ಅದು ಬರುವುದಿಲ್ಲ.

ನಡುವೆ ಎದೆ ಹಿಡಿದುಕೊಂಡರೆ

ನಿಂತುಬಿಡಿ. 'ಇನ್ನೊಂದು ರೌಂಡ್ ಮುಗಿಸಿ ನೋಡೋಣ' ಬೇಡ. ನೆಟ್ಟಗೆ ಕೂರಿ, ಸ್ವಲ್ಪ ಮುಂದೆ ಬಾಗಿ, ಕೈಗಳನ್ನು ತೊಡೆ ಮೇಲೆ ಊರಿ. ಮಲಗಬೇಡಿ. ಸಾಲ್ಬುಟಮಾಲ್ ನಾಲ್ಕು ಪಫ್, ಒಂದೊಂದಾಗಿ. ಸ್ಪೇಸರ್ ಇದ್ದರೆ ಪ್ರತಿ ಪಫ್‌ಗೆ ನಾಲ್ಕು ಉಸಿರು ಎಳೆಯಿರಿ. ನಾಲ್ಕು ನಿಮಿಷ ಕಾಯಿರಿ. ಕಡಿಮೆಯಾಗದಿದ್ದರೆ ಮತ್ತೆ ನಾಲ್ಕು. ಆಗಲೂ ಇಳಿಯದಿದ್ದರೆ 108ಕ್ಕೆ ಫೋನ್ ಮಾಡಿ, ಬರುವವರೆಗೆ ಇದನ್ನೇ ಮುಂದುವರಿಸಿ. ಬೇರೆ ಬಗೆಯ ಇನ್ಹೇಲರ್ ಇರುವವರು ಇಂಥ ಹೊತ್ತಿಗೆ ಎಷ್ಟು ತೆಗೆದುಕೊಳ್ಳಬೇಕು ಅಂತ ಡಾಕ್ಟರ್ ಹತ್ತಿರ ಮೊದಲೇ ಬರೆಸಿಕೊಂಡಿರಿ.

ಒಂದು ವಾಕ್ಯ ಪೂರ್ತಿ ಹೇಳಲಾಗದಿದ್ದರೆ, ತುಟಿ ನೀಲಿಯಾದರೆ, ಪಕ್ಕೆಲುಬಿನ ಸಂದು ಒಳಗೆ ಎಳೆದುಕೊಳ್ಳುತ್ತಿದ್ದರೆ, ಮಂಪರು ಬಂದರೆ ನಾಲ್ಕು ನಿಮಿಷವೂ ಕಾಯಬೇಡಿ, ಆಗಲೇ ಆಂಬುಲೆನ್ಸ್ ಕರೆಯಿರಿ. ಸುಯ್ ಸದ್ದು ಇದ್ದಕ್ಕಿದ್ದಂತೆ ನಿಂತು, ಮನುಷ್ಯ ಇನ್ನೂ ಒದ್ದಾಡುತ್ತಿದ್ದರೆ ಅದು ವಾಸಿಯಾದ ಗುರುತಲ್ಲ. ಗಾಳಿಯೇ ಆಡುತ್ತಿಲ್ಲ ಅಂತ ಅರ್ಥ. ಜೊತೆಗೆ ಓಡುವ ಇಬ್ಬರಿಗಾದರೂ ಇನ್ಹೇಲರ್ ಯಾವ ಜೇಬಿನಲ್ಲಿದೆ ಅಂತ ಗೊತ್ತಿರಲಿ.

ಮಕ್ಕಳು, ಆಟಗಾರರು, ಫಿಸಿಕಲ್ ದಿನ

ಉಬ್ಬಸ ಇರುವ ಮಗುವನ್ನು ಪಿ.ಟಿ. ಪೀರಿಯಡ್‌ನಲ್ಲಿ ಮರದ ಕೆಳಗೆ ಕೂರಿಸುವ ಪದ್ಧತಿ ಹೋಗಬೇಕು. ಮೇಷ್ಟ್ರಿಗೆ ವಿಷಯ ತಿಳಿಸಿ, ಇನ್ಹೇಲರ್ ಶಾಲೆಯಲ್ಲಿ ಮಗುವಿನ ಕೈಗೆ ಸಿಗುವಂತಿರಲಿ. ಬಿಡದೆ ಓಡುವ ದೂರದ ಓಟಕ್ಕಿಂತ ನಡುನಡುವೆ ಬಿಡುವು ಸಿಗುವ ಆಟಗಳಲ್ಲಿ ತೊಂದರೆ ಕಡಿಮೆ. ವಾಲಿಬಾಲ್, ಕಬಡ್ಡಿ, ಬ್ಯಾಡ್ಮಿಂಟನ್‌ನಿಂದ ಶುರು ಮಾಡಬಹುದು. ಈಜು ಒಳ್ಳೆಯದು, ನೀರಿನ ಮೇಲಿನ ಗಾಳಿಯಲ್ಲಿ ತೇವ ಇರುತ್ತದೆ. ಕ್ಲೋರಿನ್ ವಾಸನೆ ಮೂಗಿಗೆ ಬಡಿಯುವ ಕೊಳ ಮಾತ್ರ ಬೇಡ. ದಾವಣಗೆರೆಯ ಗರಡಿ ಮನೆಗೆ ಹೋಗುವವರು ಅಖಾಡದ ಮಣ್ಣು ಎದೆಗೆ ಹೊಂದುತ್ತದೆಯೇ ಅಂತ ನೋಡಿಕೊಳ್ಳಿ.

ರಾಜ್ಯ, ರಾಷ್ಟ್ರ ಮಟ್ಟಕ್ಕೆ ಆಡುವವರಿಗೆ ಡೋಪಿಂಗ್ ಭಯ ಇರುತ್ತದೆ. ಸಾಲ್ಬುಟಮಾಲ್ ಇನ್ಹೇಲರ್‌ಗೆ ವಿಶ್ವ ಡೋಪಿಂಗ್ ತಡೆ ಸಂಸ್ಥೆ ವಾಡಾದ ನಿಯಮದಲ್ಲಿ ಅವಕಾಶ ಇದೆ. 24 ಗಂಟೆಯಲ್ಲಿ 1600 ಮೈಕ್ರೋಗ್ರಾಂ, ಯಾವುದೇ 8 ಗಂಟೆಯಲ್ಲಿ 600 ಮೈಕ್ರೋಗ್ರಾಂ ದಾಟಬಾರದು. ಅದೇ ಔಷಧಿಯ ಮಾತ್ರೆ, ಸಿರಪ್ ನಿಷಿದ್ಧ. ಕೆಮ್ಮಿನ ಸಿರಪ್ ಕುಡಿಯುವ ಮೊದಲು ಲೇಬಲ್ ಓದಿ.

ಫಿಸಿಕಲ್ ದಿನದ ಕಷ್ಟವೇ ಬೇರೆ. ಬೆಳಗ್ಗೆ ಆರಕ್ಕೆ ಬನ್ನಿ ಅಂತಾರೆ, ನಿಮ್ಮ ಬ್ಯಾಚ್ ಓಡುವಾಗ ಹತ್ತಾಗಿರಬಹುದು. ಆರಕ್ಕೇ ಇನ್ಹೇಲರ್ ಎಳೆದುಕೊಂಡರೆ ಓಡುವ ಹೊತ್ತಿಗೆ ಅದರ ಬಲ ಹೋಗಿರುತ್ತದೆ. ಮುಂದಿನ ಬ್ಯಾಚ್ ನಿಮ್ಮದು ಅಂತ ಗೊತ್ತಾದ ಮೇಲೆ ಎಳೆಯಿರಿ. ಎರಡನೇ ಸಲ ಬೇಕಾಗಬಹುದಾ ಅಂತ ಡಾಕ್ಟರ್ ಹತ್ತಿರ ಹಿಂದಿನ ವಾರವೇ ಕೇಳಿಟ್ಟುಕೊಳ್ಳಿ. ಸಾಲಿನಲ್ಲಿ ನಿಂತಲ್ಲೇ ಮೊಣಕಾಲು ಎತ್ತಿ ಓಡುವಂತೆ ಮಾಡಿ, ಸಣ್ಣ ಜಿಗಿತ ಹಾಕಿ, ಬೆಚ್ಚಗಿರಿ. ಶಾರ್ಟ್ಸ್‌ಗೆ ಜಿಪ್ ಜೇಬು ಹೊಲಿಸಿ, ಡಬ್ಬಿ ಅದರಲ್ಲಿರಲಿ. ಓಟ ಮುಗಿದ ಮೇಲೆ ಉದ್ದ ಜಿಗಿತ, ಗುಂಡು ಎಸೆತಕ್ಕೆ ಕರೆಯುತ್ತಾರೆ. ಎದೆ ಬಿಗಿಯುವ ಐದರಿಂದ ಹದಿನೈದನೇ ನಿಮಿಷ ಬರುವುದು ಆ ಹೊತ್ತಿಗೇ. ಎದೆ ಬಿಗಿದಿದ್ದರೆ ಮೊದಲು ಪಫ್ ತಗೊಳ್ಳಿ. ಮೇಲ್ವಿಚಾರಕರಿಗೆ ಹೇಳಿ ಸರದಿಯಲ್ಲಿ ಹಿಂದೆ ನಿಲ್ಲಲು ಕೇಳಿ. ಕೂರದೆ ನಿಧಾನ ಓಡಾಡುತ್ತಾ ಇರಿ, ಉಸಿರು ಹದಕ್ಕೆ ಬಂದ ಮೇಲೆ ಜಿಗಿಯಿರಿ.